ಗವ್ರಿಲನ ಕೊಡಲಿ

ನಮ್ಮ ಮೊಲಿದಿಶ್ ಊರಿನ ಮ್ಯೂಸಿಯಮ್ಮಿಗೆ ಜಿಲ್ಲೆಯ ಮಾನ್ಯತೆ ಸಿಕ್ಕಿದೆ ಎಂದು ಫೋನು ಬಂದ ದಿನ ಅದನ್ನು ನೋಡಿಕೊಳ್ಳುವ ಸಾಫ್ತಾ ಕುಣಿದಾಡಬೇಕಿತ್ತು. ಎಷ್ಟು ವರ್ಷ ಕಚೇರಿಗಳ ಬಾಗಿಲು ಕಾದಿದ್ದಳು, ಯಾರು ಯಾರ ಮುಂದೆಯೋ ಹಲ್ಲು ಗಿಂಜಿದ್ದಳು. ಇನ್ನು ಸೋರುವ ಮಾಡಿಗೆ ಹೊಸ ತಗಡು ಬರುತ್ತದೆ, ಬಾಗಿಲ ಮೇಲೆ ಬೋರ್ಡು ಬರುತ್ತದೆ, ಚಳಿಗಾಲದಲ್ಲಿ ಒಲೆಗೆ ಸೌದೆ ಕೊಡಿ ಎಂದು ಪಂಚಾಯಿತಿಯವರ ಕಾಲು ಹಿಡಿಯಬೇಕಾಗಿಲ್ಲ. ಆದರೆ ಅವಳು ಕುಣಿಯಲಿಲ್ಲ.

“ಶನಿವಾರ ಬರ್ತೀನಿ ಅಮ್ಮಾ,” ಎಂದಿದ್ದಳು ಫೋನಿನಲ್ಲಿ ಒತಿಲಿಯಾ ಎಂಬ ಅಧಿಕಾರಿ. “ಒಂದೊಂದು ವಸ್ತುವಿಗೂ ನಂಬರು ಅಂಟಿಸ್ತೀವಿ. ಅದಾದ ಮೇಲೆ ಎಲ್ಲ ಜಿಲ್ಲೆಯ ಸ್ವತ್ತು. ಒಂದು ಮೊಳೆ ಕೂಡ ಆಚೆ ಹೋಗೋ ಹಾಗಿಲ್ಲ. ಯಾರಿಗೂ ಕೊಡೋ ಹಾಗಿಲ್ಲ, ಮುಟ್ಟೋ ಹಾಗೂ ಇಲ್ಲ.”

“ಆಗಲಿ ಮೇಡಂ,” ಎಂದು ಫೋನಿಟ್ಟ ಸಾಫ್ತಾ ಎದುರುಗೋಡೆ ನೋಡಿದಳು. ಗೋಡೆಯ ನಟ್ಟನಡುವೆ, ಎರಡು ಮೊಳೆಗಳ ಮೇಲೆ, ಅವಳ ಗಂಡ ಗವ್ರಿಲನ ಕೊಡಲಿ ಇತ್ತು. ಅವನು ಸತ್ತು ಇಪ್ಪತ್ತು ವರ್ಷವಾಗುತ್ತ ಬಂದರೂ ಯಾರ ಕೈಗೂ ಹೋಗದ ಕೊಡಲಿ. ಶನಿವಾರದ ಮೇಲೆ ಅದು ಯಾವ ಕಾಲಕ್ಕೂ ಯಾರ ಕೈಗೂ ಹೋಗುವುದಿಲ್ಲ.

ನಮ್ಮ ಊರಲ್ಲಿ ಮೊದಲು ಸಾಮಿಲ್ಲು ಬಂತು, ಆಮೇಲೆ ಮನೆಗಳು ಬಂದವು. ಚರ್ಚು ಬಂದದ್ದು ಎಲ್ಲಕ್ಕಿಂತ ಕೊನೆಗೆ, ಅದೂ ಮಿಲ್ಲಿನ ಹಲಗೆಯಲ್ಲೇ ಕಟ್ಟಿದ್ದು. ಬೆಟ್ಟದಲ್ಲಿ ಸ್ಪ್ರೂಸ್ ಮರ ಬೀಳುತ್ತಿತ್ತು, ಗಂಡಸರು ದಿಮ್ಮಿಗಳನ್ನು ತೆಪ್ಪ ಕಟ್ಟಿ ನದಿಗೆ ಬಿಡುತ್ತಿದ್ದರು, ಆಮೇಲಾಮೇಲೆ ಸಣ್ಣ ರೈಲು ಹೊತ್ತು ತರುತ್ತಿತ್ತು. ಸಾಫ್ತಾ ಹುಟ್ಟಿದ್ದು ಕೂಲಿಕಾರರ ಸಾಲುಮನೆಯಲ್ಲಿ. ಶಾಲೆ ಬಿಟ್ಟವಳು ಸೀದಾ ಮಿಲ್ಲಿನ ಕ್ಯಾಂಟೀನಿಗೆ ಬಂದು, ಆಳೆತ್ತರದ ಕಡಾಯಿಯಲ್ಲಿ ಜೋಳದ ಮುದ್ದೆ ತೊಳಸುತ್ತ ಮೂವತ್ತರ ಹತ್ತಿರ ಬಂದಳು. ಅವಳ ಕೈ ಜೋರು, ಬಾಯಿ ಅದಕ್ಕಿಂತ ಜೋರು. ತಟ್ಟೆಯಲ್ಲಿ ಮುದ್ದೆ ಬಿಟ್ಟವನನ್ನು ಇಡೀ ಕ್ಯಾಂಟೀನ್ ಕೇಳುವಂತೆ ಝಾಡಿಸುತ್ತಿದ್ದಳು. ಗವ್ರಿಲ ಅಂಥ ಬೈಗುಳ ತಿಂದೇ ಅವಳನ್ನು ಮೆಚ್ಚಿದ್ದು. ಮನುಷ್ಯನ ರುಚಿ, ಏನು ಹೇಳುವುದು.

ಮಿಲ್ಲು ಮುಚ್ಚುವುದಕ್ಕೆ ಮುಂಚಿನ ಕೊನೆಯ ಚಳಿಗಾಲದಲ್ಲಿ ಗವ್ರಿಲ ಮರದಡಿ ಸಿಕ್ಕಿ ಸತ್ತ. ಮರುವರ್ಷ ಮಿಲ್ಲು ಮುಚ್ಚಿತು, ಯಂತ್ರಗಳನ್ನು ಗುಜರಿಯವರು ಒಯ್ದರು, ರೈಲಿನ ಹಳಿಗಳನ್ನು ಕಳ್ಳರು ಒಯ್ದರು, ಹುಡುಗರು ಇಟಲಿಗೆ ಹೋದರು. ಬೀಗ ಬಿದ್ದ ಕ್ಯಾಂಟೀನಿನ ಕೀಲಿ ಸಾಫ್ತಾಳ ಜೇಬಿನಲ್ಲೇ ಉಳಿಯಿತು, ಕೇಳುವವರು ಯಾರೂ ಇರಲಿಲ್ಲ. ಅವಳು ಒಂದು ದಿನ ಬಾಗಿಲು ತೆರೆದು ಖಾಲಿ ಗೋಡೆಗೆ ಎರಡು ಮೊಳೆ ಹೊಡೆದು ಗಂಡನ ಕೊಡಲಿ ಇಟ್ಟಳು. ಮ್ಯೂಸಿಯಂ ಶುರುವಾದದ್ದು ಹಾಗೆ. ಮ್ಯೂಸಿಯಂ ಎಂದು ಆಗ ಯಾರಿಗೆ ಗೊತ್ತಿತ್ತು, ಗಂಡ ಸತ್ತ ಹೆಂಗಸಿಗೆ ತಲೆ ಕೆಟ್ಟಿದೆ ಅಂದುಕೊಂಡರು.

ಆಮೇಲೆ ಇಬ್ಬರೆಳೆಯುವ ಗರಗಸಗಳು ಬಂದವು, ದಿಮ್ಮಿ ಎಳೆಯುವ ಕೊಕ್ಕೆಗೋಲುಗಳು, ತೆಪ್ಪದ ಹುಟ್ಟು, ಅಡಿಯಲ್ಲಿ ಮುಳ್ಳಿರುವ ಬೂಟು, ತೊಗಟೆ ಸುಲಿಯುವ ಉಳಿ, ರೈಲಿನ ಲಾಂದ್ರ. ಇವು ಸುಮ್ಮನೆ ಬರಲಿಲ್ಲ. ನಮ್ಮ ಕಣಿವೆಯಲ್ಲಿ ಸತ್ತವರ ಸಾಮಾನನ್ನು ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ನಲವತ್ತನೆಯ ದಿನದೊಳಗೆ ಬದುಕಿರುವ ಒಬ್ಬರ ಕೈಗೆ ಕೊಡಬೇಕು, ತಡವಾದರೂ ಕೊಟ್ಟರೆ ಮುಟ್ಟುತ್ತದೆ. “ಇದು ಇಂಥವರಿಗೆ ಮುಟ್ಟಲಿ” ಎಂದು ಕೊಡುವವರು, “ದೇವರು ಅವರನ್ನು ಮನ್ನಿಸಲಿ” ಎಂದು ತೆಗೆದುಕೊಳ್ಳುವವರು. ತೆಗೆದುಕೊಂಡವರು ಅದನ್ನು ಬಳಸಬೇಕು, ಆಗಲೇ ಅದು ಆ ಲೋಕದಲ್ಲಿರುವವರಿಗೆ ಸೇರುತ್ತದೆ. ಯಾರ ಕೈಗೂ ಹೋಗದ್ದು ಯಾರಿಗೂ ಸೇರುವುದಿಲ್ಲ, ಸತ್ತವನು ಅಲ್ಲಿ ಬರಿಗೈಯಲ್ಲಿ ನಿಂತಿರುತ್ತಾನೆ. ಇದೆಲ್ಲ ಧರ್ಮಗ್ರಂಥದಲ್ಲಿಲ್ಲ ಎನ್ನುತ್ತಾರೆ ನಮ್ಮ ಪಾದ್ರಿಗಳು. ತಮ್ಮ ತಾಯಿ ತೀರಿಕೊಂಡಾಗ ಅವರೂ ಕಂಬಳಿ, ಚೊಂಬು, ಕುರ್ಚಿ ಎಲ್ಲ ಕೊಟ್ಟದ್ದನ್ನು ಊರೇ ನೋಡಿದೆ.

ಹೀಗಿರುವಾಗ ಅಪ್ಪನ ಗರಗಸವನ್ನು ಗೋಡೆಗೆ ತೂಗುಹಾಕಲು ಯಾರು ಕೊಟ್ಟಾರು? ಸಾಫ್ತಾ ಒಂದು ದಾರಿ ಕಂಡುಕೊಂಡಳು. ಪ್ರತಿಯೊಂದನ್ನೂ ತಾನೇ ಕೈಚಾಚಿ ತೆಗೆದುಕೊಂಡಳು, ಹೇಳಬೇಕಾದ ಮಾತು ಹೇಳಿದಳು, ಕೊಟ್ಟವರ ಕಣ್ಣೆದುರಿಗೇ ಅಂಗಳಕ್ಕೆ ಒಯ್ದು ಗರಗಸವಾದರೆ ಎಳೆದಳು, ಉಳಿಯಾದರೆ ತೊಗಟೆ ಸುಲಿದಳು. ಬೂಟುಗಳನ್ನು ಹಾಕಿಕೊಂಡು ಅಂಗಳ ಸುತ್ತಿದಳು, ಹೆಂಗಸರು ಅಳುತ್ತ ನಕ್ಕರು. ಮುಟ್ಟಿತು ಎಂದು ಎಲ್ಲರಿಗೂ ಸಮಾಧಾನವಾದ ಮೇಲೆ ಗೋಡೆಗೆ.

ಗವ್ರಿಲನದು ಮಾತ್ರ ಹಾಗಾಗಲಿಲ್ಲ. ಹೆಂಡತಿ ಕೊಡುವವಳು, ತೆಗೆದುಕೊಳ್ಳುವವಳಲ್ಲ. ನಲವತ್ತನೆಯ ದಿನ ಕೊಡಬೇಕಿತ್ತು, ಕೈಬರಲಿಲ್ಲ. ಬರುವ ವರ್ಷ ಕೊಡುತ್ತೇನೆ ಅಂದುಕೊಂಡಳು, ಅದರ ಮುಂದಿನ ವರ್ಷ ಅಂದುಕೊಂಡಳು. ಬೆಳಿಗ್ಗೆ ಬೀಗ ತೆಗೆದ ಕೂಡಲೇ ಅದರ ಕಡೆ ನೋಡಿ “ಏಳು, ಹೊತ್ತಾಯ್ತು” ಎನ್ನುವುದು ಅಭ್ಯಾಸವಾಗಿಬಿಟ್ಟಿತ್ತು. ಈಗ ನೋಡಿದರೆ ಉಳಿದಿರುವುದು ಒಂದು ವಾರವೂ ಅಲ್ಲ.

ಸೋಮವಾರ ಮಧ್ಯಾಹ್ನ ಊಟ ಮಾಡಿ ಕಣ್ಣು ಮುಚ್ಚಿದವಳಿಗೆ ಗವ್ರಿಲ ಕಾಡಿನ ಅಂಚಿನಲ್ಲಿ ಕಂಡ. ಸಿಟ್ಟಿಲ್ಲ, ದುಃಖವೂ ಇಲ್ಲ. ಕೈ ಎಲ್ಲಿಡಬೇಕು ಎಂದು ತಿಳಿಯದೆ ಒಮ್ಮೆ ಜೇಬಿಗೆ, ಒಮ್ಮೆ ಬೆನ್ನಿಗೆ ಇಟ್ಟುಕೊಳ್ಳುತ್ತಿದ್ದ. ಸಾಫ್ತಾ ಎಚ್ಚೆತ್ತು ಎದ್ದು ಕೂತಳು. ಅವತ್ತಿನಿಂದ ಅವಳು ನೆಮ್ಮದಿಯಾಗಿ ಕಣ್ಣು ಮುಚ್ಚಲಿಲ್ಲ.

ಮಂಗಳವಾರ ಪಕ್ಕದ ಮನೆಯ ಪಿಂತಿಲಿಯೆಯ ಹತ್ತಿರ ಹೋದಳು. ಅವನು ಹಿಂದೆ ರೈಲು ಓಡಿಸುತ್ತಿದ್ದವನು, ಈಗ ದಿನವಿಡೀ ಟೊಮೇಟೊ ಗಿಡಗಳ ಜೊತೆ ಮಾತಾಡುತ್ತಾನೆ.

“ಗವ್ರಿಲನ ಕೊಡಲಿ ತಗೊಳ್ಳೋ ಮಾರಾಯ.”

“ನಾನಾ? ನಮ್ಮ ಮನೇಲಿ ಗ್ಯಾಸಿದೆಯಲ್ಲೇ ಸಾಫ್ತಾ. ಕೊಡಲಿ ತಗೊಂಡು ಟೊಮೇಟೊ ಕಡೀಲಾ?”

“ಒಂದೆರಡು ಸೌದೆ ಸೀಳು, ಸಾಕು.”

ಪಿಂತಿಲಿಯೆ ಗಿಡ ಬಿಟ್ಟು ಸೊಂಟ ನೆಟ್ಟಗೆ ಮಾಡಿಕೊಂಡ. “ನೋಡು, ನಿನ್ನ ಹತ್ರ ಮುಚ್ಚುಮರೆ ಯಾಕೆ. ಇಷ್ಟು ವರ್ಷ ತಡೆದಿಟ್ಟ ಕೊಡಲಿ ಅದು. ಅವನಿಗೆ ಅಲ್ಲಿ ಸಿಟ್ಟಿರೋದಿಲ್ವಾ? ಇಟ್ಕೊಂಡವಳ ಮೇಲೋ, ತಗೊಂಡವನ ಮೇಲೋ, ಯಾರಿಗೆ ಗೊತ್ತು. ನನಗೆ ಮೊದಲೇ ಬಿ.ಪಿ.”

ಬುಧವಾರ ಅತಿಥಿಗೃಹ ನಡೆಸುವ ಸೊರಿನ್ ತಾನಾಗಿಯೇ ಬಂದ. ಸುದ್ದಿ ಅಷ್ಟರಲ್ಲಿ ಊರೆಲ್ಲ ಸುತ್ತಿತ್ತು.

“ಸಾಫ್ತಾ ಚಿಕ್ಕಮ್ಮ, ನನಗೆ ಕೊಡಿ. ಊಟದ ಕೋಣೆಯಲ್ಲಿ ಬೆಂಕಿಗೂಡಿನ ಮೇಲೆ ಹಾಕ್ತೀನಿ. ಪ್ರವಾಸಿಗಳು ಫೋಟೋ ಹೊಡ್ಕೊಳ್ಳಲಿ.”

“ಗೋಡೆಗೆ ಹಾಕೋಕೆ ನನಗೆ ಗೋಡೆ ಇಲ್ವೇನೋ?”

“ನಿಮ್ಮ ಗೋಡೆ ಸೋರತ್ತೆ, ನಮ್ಮದು ಸೋರಲ್ಲ.”

ಅವನನ್ನು ಬೈಯುವುದಕ್ಕೂ ಅವಳಿಗೆ ತ್ರಾಣವಿರಲಿಲ್ಲ. ಗುರುವಾರ ಬ್ರೆಡ್ಡಿನ ಅಂಗಡಿಯ ಜೆನೋವಿಯಾಳ ಮುಂದೆ ಕುರ್ಚಿ ಎಳೆದುಕೊಂಡು ಕೂತಳು. ಇಬ್ಬರೂ ಒಂದೇ ಸಾಲುಮನೆಯಲ್ಲಿ ಬೆಳೆದವರು.

“ಈ ಊರಲ್ಲಿ ಕೊಡಲಿ ಎತ್ತೋ ಗಂಡಸೇ ಇಲ್ವೇನೇ?” ಎಂದಳು ಸಾಫ್ತಾ.

“ಒಬ್ಬ ಇದ್ದಾನೆ. ಹೆಸರು ಹೇಳಿದ್ರೆ ನೀನು ನನಗೆ ಹೊಡೀತೀಯ.”

“ಹೇಳಬೇಡ ಹಾಗಾದ್ರೆ.”

“ಹೇಳ್ಲಿಲ್ಲ. ಗುಡ್ಡದ ಮೇಲೆ ಅವನ ಹೊಗೆ ಕಾಣ್ತಾ ಇದೆ, ನೋಡ್ಕೋ.”

ಗುಡ್ಡದ ಮೇಲಿನ ಹೊಗೆ ಇಲಾರಿಯೆಯದು. ಗವ್ರಿಲನ ಜೊತೆ ಗರಗಸದ ಇನ್ನೊಂದು ತುದಿ ಹಿಡಿಯುತ್ತಿದ್ದವನು. ಜೋಡಿಯಲ್ಲಿ ಹಿರಿಯವನು ಮರದ ಸದ್ದು ಕೇಳಿ ಕೂಗಬೇಕು, ಕಿರಿಯವನು ಕೂಗು ಕೇಳಿ ಓಡಬೇಕು. ಹಿರಿಯವನು ಇಲಾರಿಯೆ. “ನಾನು ಕೂಗಿದ್ದು ತಡವಾಯ್ತು” ಎಂದು ವಿಚಾರಣೆಗೆ ಬಂದವರ ಎದುರು, ಊರವರೆಲ್ಲರ ಎದುರು ಅವನೇ ಹೇಳಿದ್ದ. ಆ ಮಾತು ಕೇಳಿದ ಸಾಫ್ತಾ ಶವದ ಪಕ್ಕದಿಂದ ಎದ್ದುಹೋಗಿ ಅವನ ಮುಖಕ್ಕೆ ಉಗಿದಿದ್ದಳು. ಅವನು ಒರೆಸಿಕೊಳ್ಳಲಿಲ್ಲ. ಆಮೇಲೆ ಅವನು ಊರಿನಿಂದ ದೂರ, ಗುಡ್ಡದ ನೆತ್ತಿಯ ಮನೆಗೆ ಹೋದ, ಮ್ಯೂಸಿಯಮ್ಮಿನ ಹೊಸಿಲು ಒಂದು ಸಲವೂ ತುಳಿಯಲಿಲ್ಲ. ಅವಳು ಅವನ ದಾರಿ ತುಳಿಯಲಿಲ್ಲ.

ಕೊಟ್ಟರೂ ಏನು ಬಂತು? ಕಹಿ ಇಟ್ಟುಕೊಂಡು ಕೊಟ್ಟದ್ದು ಮುಟ್ಟುವುದಿಲ್ಲ, ಇದು ನಮ್ಮ ಮಕ್ಕಳಿಗೂ ಗೊತ್ತು. ಶುಕ್ರವಾರ ಸಾಫ್ತಾ ಒಲೆಯ ಮೇಲೆ ಹಾಲು ಉಕ್ಕಿಸಿದಳು, ಕೀಲಿ ಕೈಯಲ್ಲೇ ಇಟ್ಟುಕೊಂಡು ಕೀಲಿ ಹುಡುಕಿದಳು. ಬಿಟ್ಟುಬಿಡೋಣ, ನಂಬರು ಅಂಟಿಸಲಿ, ಸತ್ತವರು ಕೊಡಲಿ ಹಿಡಿದು ಏನು ಮಾಡುತ್ತಾರೆ ಎಂದು ಗಟ್ಟಿಯಾಗಿ ಹೇಳಿಕೊಂಡು ನೋಡಿದಳು. ಹೇಳಿದ ಕೂಡಲೇ ಅವನ ಆ ಬರಿಗೈ ಕಣ್ಣಿಗೆ ಕಟ್ಟಿತು.

ಶನಿವಾರ ಪಿತೃಗಳ ಶನಿವಾರ. ಊರವರೆಲ್ಲ ಚೆರ್ರಿ ಹಣ್ಣು, ರೊಟ್ಟಿ, ಹೂ ಸಿಕ್ಕಿಸಿದ ಮಣ್ಣಿನ ಹೂಜಿಗಳನ್ನು ಹಿಡಿದು ಸ್ಮಶಾನಕ್ಕೆ ಹೋಗಿದ್ದರು. ಇಂಥ ದಿನ ಆರಿಸಿಕೊಳ್ಳುವುದು ಜಿಲ್ಲಾ ಕಚೇರಿಗೇ ಸಾಧ್ಯ. ಒತಿಲಿಯಾ ಹೊತ್ತಿಗೆ ಸರಿಯಾಗಿ ಬಂದಳು, ಒಳ್ಳೆಯ ಹೆಂಗಸು, ಸಾಫ್ತಾಳಿಗೆಂದು ಕೇಕು ಕೂಡ ತಂದಿದ್ದಳು. ಬಿಳಿ ಕೈಗವಸು ತೊಟ್ಟು ಬಾಗಿಲ ಬಳಿಯಿಂದ ಶುರುಮಾಡಿದಳು. ಬೂಟುಗಳಿಗೆ ನಂಬರು ಬಿತ್ತು, ಲಾಂದ್ರಕ್ಕೆ ಬಿತ್ತು, ಗರಗಸಗಳಿಗೆ ಬಿತ್ತು. ಸಾಫ್ತಾ ಕೈ ಕೈ ಹಿಸುಕಿಕೊಳ್ಳುತ್ತ ಹಿಂದೆ ಹಿಂದೆಯೇ ನಡೆದಳು.

“ಮೇಡಂ,” ಎಂದಳು ಕಡೆಗೆ, “ಈ ಕೊಡಲಿ ನೀವು ತಗೊಳ್ತೀರಾ? ನಿಮಗೇ ಅಂತ. ಮನೆಗೆ ಒಯ್ದು ಒಂದು ಸೌದೆ ಸೀಳಿದ್ರೆ ಸಾಕು.”

“ಅಯ್ಯೋ ಅಮ್ಮಾ, ಕೆಲಸದ ಮೇಲೆ ಬಂದು ಉಡುಗೊರೆ ತಗೊಂಡ್ರೆ ನನ್ನ ನೌಕರಿ ಹೋಗತ್ತೆ. ಮತ್ತೆ ನಾನಿರೋದು ನಾಲ್ಕನೇ ಮಹಡಿಯಲ್ಲಿ.” ಒತಿಲಿಯಾ ನಕ್ಕಳು. ಸಾಫ್ತಾ ನಗದಿರುವುದನ್ನು ನೋಡಿ ನಗು ನಿಲ್ಲಿಸಿದಳು. “ನೀವು ಕಳಿಸಿದ ಫೋಟೋದಲ್ಲಿ ಇದೇ ನಡುವೆ ಇದೆ. ಇದು ಮೊದಲನೇ ವಸ್ತು ಅಂತ ನೀವೇ ಹೇಳಿದ್ರಿ.”

ಆಕೆ ಕೊಡಲಿಯ ಕಡೆ ಕೈ ಚಾಚಿದಳು. ಆ ಬಿಳಿ ಕೈಗವಸನ್ನು ಕಂಡದ್ದೇ ಸಾಫ್ತಾ ಮುಂದೆ ನುಗ್ಗಿ ಕೊಡಲಿಯನ್ನು ಮೊಳೆಗಳಿಂದ ಎತ್ತಿ ಎದೆಗೆ ಅವಚಿಕೊಂಡಳು.

“ಇದು ಇಲ್ಲ ಮೇಡಂ. ಇದನ್ನ ಕೊಟ್ಟುಬಿಟ್ಟಿದ್ದೀನಿ.”

“ಯಾರಿಗೆ?”

ಸಾಫ್ತಾ ಒಲೆಯ ಮೇಲೆ ಚಹಾ ಇದೆ ಎಂದು ಹೇಳಿ, ಕೊಡಲಿಯನ್ನು ಮೇಲಂಗಿಯಲ್ಲಿ ಸುತ್ತಿಕೊಂಡು ಹೊರಟೇಬಿಟ್ಟಳು.

ಗುಡ್ಡದ ದಾರಿ ಅವಳ ಮಂಡಿಗಳಿಗೆ ಹೇಳಿಸಿದ್ದಲ್ಲ. ಎರಡು ಸಲ ನಿಂತು ಹಿಂತಿರುಗಲು ನೋಡಿದಳು. ಅವನು ಬಾಗಿಲು ಹಾಕಿಕೊಂಡರೆ? ಉಗಿದದ್ದನ್ನು ಎತ್ತಿ ಆಡಿದರೆ? ಅದಕ್ಕಿಂತ ಹೆಚ್ಚಾಗಿ, ಅವನು ತೆಗೆದುಕೊಂಡೇಬಿಟ್ಟರೆ? ಗಂಡನನ್ನು ತಿಂದ ಕೈಗೆ ಗಂಡನ ಕೊಡಲಿ. ಅಳು ಬಂತು, ಸಿಟ್ಟೂ ಬಂತು. ಯಾವುದು ಮೊದಲು ಬಂತೋ ಅವಳಿಗೇ ತಿಳಿಯಲಿಲ್ಲ.

ಇಲಾರಿಯೆ ಅಂಗಳದಲ್ಲಿ ನೀರಿನ ತೊಟ್ಟಿಯ ಪಕ್ಕ ಕಸ ಗುಡಿಸುತ್ತಿದ್ದ. ಬೆನ್ನು ಬಾಗಿತ್ತು, ತಲೆ ಪೂರ್ತಿ ನೆರೆತಿತ್ತು. ಅವಳನ್ನು ನೋಡಿ ಟೋಪಿ ತೆಗೆದ. ಅವಳು ಮೇಲಂಗಿ ಬಿಚ್ಚಿದಳು.

“ಇದು ಗವ್ರಿಲನಿಗೆ ಮುಟ್ಟಲಿ,” ಎಂದಳು. ಹಲ್ಲು ಕಚ್ಚಿಕೊಂಡು ಹೇಳಿದ ಮಾತು ಅವಳ ಕಿವಿಗೇ ಕೆಟ್ಟದಾಗಿ ಕೇಳಿಸಿತು.

ಅವನು ಪೊರಕೆ ಕೆಳಗಿಟ್ಟ. “ದೇವರು ಅವನನ್ನ ಮನ್ನಿಸಲಿ,” ಎಂದು ಎರಡೂ ಕೈ ಚಾಚಿ ತೆಗೆದುಕೊಂಡ.

“ಸೀಳು ಮತ್ತೆ. ನಾನು ನೋಡಬೇಕು.”

ಇಲಾರಿಯೆ ಕೊಡಲಿ ಅಲುಗಿಸಿದ. ಕಬ್ಬಿಣದ ತಲೆ ಮರದ ಹಿಡಿಕೆಯಾದ ಕಾವಿನ ಮೇಲೆ ಲಟಲಟ ಎಂದಿತು. “ಆಗಲ್ಲ. ಕಾವು ಒಣಗಿ ಸೊರಗಿದೆ. ಈಗ ಬೀಸಿದ್ರೆ ತಲೆ ಹಾರಿ ನಿನಗೋ ನನಗೋ ಬಡಿಯತ್ತೆ. ನೀರು ಕುಡೀಬೇಕು, ಉಬ್ಬಬೇಕು.”

“ಎಷ್ಟು ಹೊತ್ತು?”

“ಹೊತ್ತು ಇಳಿಯೋವರೆಗೆ. ನೀನು ಹೋಗು, ನಾನು ಸೀಳ್ತೀನಿ.”

“ನಿನ್ನ ನಂಬಿಕೊಂಡು ಹೋಗ್ಲಾ?”

ಅವನು ಕೊಡಲಿಯ ತಲೆಯನ್ನು ತೊಟ್ಟಿಯ ನೀರಿನಲ್ಲಿ ಇಳಿಸಿದ. ಒಣ ಕಾವಿನಿಂದ ಸಣ್ಣ ಸಣ್ಣ ಗುಳ್ಳೆ ಎದ್ದವು. ಸಾಫ್ತಾ ದಿಮ್ಮಿಯ ಮೇಲೆ ಕೂತಳು. ಅವನು ತೊಟ್ಟಿಯ ಆಚೆ ಕೂತ. ಒಬ್ಬರ ಮುಖ ಒಬ್ಬರು ನೋಡುವ ಬದಲು ಇಬ್ಬರೂ ಆ ಗುಳ್ಳೆಗಳನ್ನೇ ನೋಡುತ್ತ ಕೂತರು. ಕೆಳಗೆ ಸ್ಮಶಾನದ ಗಂಟೆ ಬಾರಿಸಿ ನಿಂತಿತು.

ಇಷ್ಟು ವರ್ಷ ಅವಳು ಆ ದಿನದ ಬಗ್ಗೆ ಬೈದಿದ್ದಳೇ ಹೊರತು ಕೇಳಿರಲಿಲ್ಲ. ಅಲ್ಲಿ ಕೂತು ಕೂತು ತಡೆಯಲಾಗಲಿಲ್ಲ.

“ಯಾಕೆ ಕೂಗೋಕೆ ತಡ ಮಾಡಿದೆ?”

“ಬಿಡು ಸಾಫ್ತಾ.”

“ಬಿಡಲ್ಲ. ಹೇಳು.”

“ತಡ ಮಾಡಲಿಲ್ಲ.” ಅವನು ನೀರಿಗೇ ಹೇಳುವವನಂತೆ ಹೇಳಿದ. “ಮರ ಕಿರುಗುಟ್ಟಿದ ಕೂಡ್ಲೇ ಕೂಗಿದೆ. ಇಬ್ರೂ ಮೇಲಕ್ಕೆ ಓಡಿದ್ವಿ. ಅವನು ನನ್ನ ಪಕ್ಕದಲ್ಲೇ ಇದ್ದ, ಬಚಾವಾಗಿದ್ದ. ಆಮೇಲೆ ತಿರುಗಿದ. ಕೊಡಲಿ ಕೆಳಗೇ ಬೊಡ್ಡೆಗೆ ಕಚ್ಚಿಕೊಂಡಿತ್ತು. ಎರಡನೇ ಸಲ ಕೂಗಿದ್ದು ತಡವಾಯ್ತು. ನಾನು ಸುಳ್ಳು ಹೇಳ್ಲಿಲ್ಲ.”

ಸಾಫ್ತಾ ತೊಟ್ಟಿಯೊಳಗಿನ ಕೊಡಲಿ ನೋಡಿದಳು. “ಇದಕ್ಕೋಸ್ಕರ ಹೋದ್ನಾ?”

“ಹೂಂ.”

“ನನಗೆ ಯಾಕೆ ಹೇಳ್ಲಿಲ್ಲ? ನಾನು ನಿನ್ನ ಮುಖಕ್ಕೆ ಉಗಿದೆ. ಆಗಲಾದ್ರೂ ಹೇಳಬಾರದಿತ್ತಾ?”

“ನೀನು ಈ ಕೊಡಲಿಯನ್ನೇ ತಬ್ಬಿಕೊಂಡು ಕೂತಿದ್ದೆ. ಇದೊಂದಾದ್ರೂ ಉಳೀತಲ್ಲ ಅಂತಿದ್ದೆ. ನಾನು ಏನಂತ ಹೇಳ್ಲಿ?”

ಆ ಕಾವು ಅವಳೇ ಸಂತೆಯಿಂದ ತಂದದ್ದು. ಹಿಂದಿನ ಕಾವನ್ನು ಮುರಿದುಕೊಂಡು ಬಂದದ್ದಕ್ಕೆ ಗವ್ರಿಲನನ್ನು ಒಂದು ವಾರ ಬೈದಿದ್ದಳು. ಅದು ಈಗ ನೆನಪಾಯಿತು.

“ಹೋಗುವಾಗ ಏನಾದ್ರೂ ಅಂದ್ನಾ?”

“ಇಲ್ಲ.”

“ಇಲಾರಿಯೆ.”

ಅವನು ಟೋಪಿಯನ್ನು ಕೈಯಲ್ಲಿ ಹಿಂಡಿದ. “ನಗ್ತಾ ಇದ್ದ. ‘ಹೊಸ ಕಾವು ಕಣೋ, ಬಿಟ್ಟು ಹೋದ್ರೆ ಸಾಫ್ತಾ ಬೈದು ಬೈದೇ ಸಾಯಿಸ್ತಾಳೆ’ ಅಂದ.”

ಸಾಫ್ತಾ ಮುಖ ಮುಚ್ಚಿಕೊಂಡಳು. ಮಿಲ್ಲಿನ ಕ್ಯಾಂಟೀನನ್ನೇ ನಡುಗಿಸುತ್ತಿದ್ದ ಹೆಂಗಸು, ಒಂದು ಶಬ್ದವಿಲ್ಲದೆ, ಮೈಯೆಲ್ಲ ಅಲುಗುವಂತೆ ಅತ್ತಳು. ಇಲಾರಿಯೆ ಎದ್ದು ಹೋಗಲಿಲ್ಲ. ನೆರಳು ಅಂಗಳ ದಾಟಿತು. ಅವನು ನೀರಿನಿಂದ ಕೊಡಲಿ ಎತ್ತಿ, ಅಲುಗಿಸಿ ನೋಡಿ, ತೋಳಿಗೆ ಒರೆಸಿದ. ತಲೆ ಕಾವಿಗೆ ಕಚ್ಚಿ ಕೂತಿತ್ತು. ಆದರೆ ಅವನು ಸೌದೆಯ ಕಡೆ ಹೋಗದೆ ಅವಳ ಮುಂದೆ ಬಂದು ಕೊಡಲಿಯನ್ನು ಅವಳ ತೊಡೆಯ ಮೇಲಿಟ್ಟ.

“ಆಗ ಕೊಟ್ಟದ್ದು ಅವನಿಗೆ ಮುಟ್ಟಿಲ್ಲ. ನಿನಗೂ ಗೊತ್ತು,” ಎಂದ. “ಇನ್ನೊಂದು ಸಲ ಕೊಡು.”

ಸಾಫ್ತಾ ಕಣ್ಣೊರೆಸಿಕೊಂಡು ಎದ್ದುನಿಂತಳು. ಒದ್ದೆ ಕಾವನ್ನು ಎರಡೂ ಕೈಯಲ್ಲಿ ಹಿಡಿದು ಅವನ ಕಡೆ ಚಾಚಿದಳು.

“ಇದು ಗವ್ರಿಲನಿಗೆ ಮುಟ್ಟಲಿ,” ಎಂದಳು. “ನಾನು ಬೈಯಲ್ಲ ಅನ್ನೋದೂ ಮುಟ್ಟಲಿ.”